ಎರಡು ಬಾಗಿಲು, ಎರಡು ತಗ್ಗು

ನನ್ನ ಅಣ್ಣ ಹಾಲಸಿದ್ದಪ್ಪ ಎಂಬತ್ತು ಕುರಿಗಳನ್ನು ಮಾರಿ ರಬಕವಿಯಲ್ಲಿ ಎರಡು ಬಾಗಿಲಿನ ಹಳೆಯ ಮನೆಯೊಂದನ್ನು ಕೊಂಡಾಗ ನಮ್ಮೂರು ತುಬಚಿಯ ಮಂದಿಯೆಲ್ಲ ನಕ್ಕರು. "ಕುರಿ ಕಾಯಾಂವಗ ಪ್ಯಾಟ್ಯಾಗ ಮನಿ ಯಾಕೋ? ಟಗರು ಕಟ್ಟಾಕೇನು?" ಎಂದು ಕಟ್ಟೆಯ ಮೇಲೆ ಕೂತವರು ಚಾಷ್ಟಿ ಮಾಡಿದರು. ನಾನೂ ಅವರ ಜೊತೆ ನಕ್ಕೆ. ರಬಕವಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ನಾಲ್ಕಕ್ಷರ ಕಲಿತವನಿಗೆ ಎಲ್ಲದಕ್ಕೂ ನಗುವ ಹಕ್ಕಿದೆ ಎಂಬ ಸೊಕ್ಕು ನನಗಿತ್ತು.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ನಾಲ್ಕು ವರ್ಷವಾಗಿತ್ತು. ಖರೀದಿ ಪತ್ರ ಬರೆಸಲು ಜಮಖಂಡಿಗೆ ಹೋದೆವು. ಹೆಬ್ಬೆಟ್ಟು ಒತ್ತಿದ್ದು ಅಣ್ಣ, ಮನೆ ಆದದ್ದು ಅವನ ಮಗಳು ಪದ್ಮವ್ವನ ಹೆಸರಿಗೆ. ಪದ್ಮವ್ವ ಗಂಡ ಬಿಟ್ಟವಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಅವಳನ್ನು ತವರಿಗೆ ಕಳಿಸಿ ಆರು ವರ್ಷವಾಗಿತ್ತು. ಅಣ್ಣನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಅಣ್ಣನಿಗೂ ಎದೆಯ ಕೆಮ್ಮು ಹತ್ತಿ, ತಾನು ಬಹಳ ದಿನದವನಲ್ಲ ಎಂಬುದು ಅವನಿಗೆ ತಿಳಿದಿತ್ತು.

ಕಚೇರಿಯ ಮೆಟ್ಟಿಲ ಮೇಲೆ ಕೂತು ಅವನು ಹೇಳಿದ: "ನಾ ಹ್ವಾದ ಮ್ಯಾಲೆ ಕುರಿ ಆಕಿ ಮಾತು ಕೇಳಂಗಿಲ್ಲ. ಮನಿ ಇದ್ದಲ್ಲೇ ಇರತೈತಿ. ಎರಡೂ ಕಡೆ ಬಾಡಿಗಿ ಬಂದ್ರ ಪದ್ಮಾ ಯಾರ ಮುಂದನೂ ಕೈ ಚಾಚೂದು ಬ್ಯಾಡ."

"ನಾ ಇಲ್ಲೇನಣ್ಣಾ?" ಎಂದೆ.

ಅಣ್ಣ ನನ್ನ ಮುಖ ನೋಡಿದ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ.

ಅವನು ಯಾಕೆ ಸುಮ್ಮನಾದ ಎಂಬುದನ್ನು ಹೇಳದೆ ಮುಂದಿನದನ್ನು ಹೇಳಲಾರೆ. ಅಣ್ಣನಿಗೆ ಸಿದರಾಯ ಎಂಬ ಮಗನಿದ್ದ, ಇಪ್ಪತ್ತು ವರ್ಷದವನು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ. ಬಾಯಿ ಸಣ್ಣದು, ಒಳಗೆ ಎರಡಾಳಿನ ಆಳ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೇ ಬಾಯಿ ತೆರೆದು ಒಂದು ದಿನ ಬಿಡಬೇಕು. ಆಮೇಲೂ ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿ, ಅವನನ್ನು ಮಾತಾಡಿಸುತ್ತಲೇ ಇರಬೇಕು. ಮಾತು ನಿಂತರೆ ಮರುಕ್ಷಣ ಎಳೆದುಬಿಡಬೇಕು. ಇದು ಕೂಸಿಗೂ ಗೊತ್ತಿರುವ ಮಾತು.

ಒಂದು ದಿನ ಊರ ಸಾಹುಕಾರರ ಹಗೇವಿಗೆ ಸಿದರಾಯ ಇಳಿದ. ಹಗ್ಗ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಸಾಹುಕಾರರ ಕಾರಕೂನ ಬಂದು ನನ್ನ ಮಾಸ್ತರಿಕೆಯ ಅರ್ಜಿಯ ಸುದ್ದಿ ತೆಗೆದ. ನಾನು ಅವನ ಕಡೆ ತಿರುಗಿದೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಹುಡುಗನ ದನಿ ಯಾವಾಗ ನಿಂತಿತೋ ಅದೂ ಗೊತ್ತಿಲ್ಲ. ಎಳೆದಾಗ ಅವನ ಕಿವಿಯೊಳಗೆಲ್ಲ ಜೋಳದ ಧೂಳಿತ್ತು. ಉಸಿರಿರಲಿಲ್ಲ.

ನೌಕರಿ ನನಗೆ ಸಿಕ್ಕಿತು. ಅಣ್ಣ ಒಂದು ದಿನವೂ ನನಗೆ ಅದನ್ನು ಆಡಿ ತೋರಿಸಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಹಳೆ ಮನೆ ರಿಪೇರಿ ಮಾಡಿ ನೋಡಿದವನಿಗೆ ಅವೆರಡೂ ಹಗುರ. ಆ ಬೇಸಿಗೆಯೆಲ್ಲ ಅಪ್ಪ ಮಗಳು ಹಿತ್ತಲಿನ ಸಣ್ಣ ಖೋಲಿಯಲ್ಲಿದ್ದುಕೊಂಡು ದುಡಿದರು. ಮಾಳಿಗೆಯ ಹಳೆ ಮಣ್ಣು ಕೆರೆದು ಹೊಸ ಮಣ್ಣು ಹಾಕಿ ಬಡಿದರು. ಗೆದ್ದಲು ತಿಂದ ತೊಲೆ ಬದಲಿಸಿದರು. ನಡುಗೋಡೆಯನ್ನು ಮಾಳಿಗೆಯವರೆಗೂ ಎತ್ತಿ ಒಂದು ಸಂಸಾರದ ಜಗಳ ಇನ್ನೊಂದಕ್ಕೆ ಕೇಳದಂತೆ ಮಾಡಿದರು. ಆ ಕೆಮ್ಮಿನಲ್ಲೂ ಅಣ್ಣ ಕೆಸರು ತುಳಿದ. ನಾನು ರವಿವಾರ ಬಂದು, ಕೊಡೆ ಹಿಡಿದು ನಿಂತು, ಬುದ್ಧಿ ಹೇಳಿ ಹೋಗುತ್ತಿದ್ದೆ.

ಅಂಥ ಒಂದು ರವಿವಾರ ಬಂದು ನೋಡಿದರೆ ಅಣ್ಣ ಒಳಗಿನ ತಗ್ಗು ಮುಚ್ಚುತ್ತಿದ್ದ. ಮೊದಲು ಅದು ನೇಕಾರರ ಮನೆ. ಎರಡೂ ಕಡೆ, ಕಿಟಕಿಯ ಕೆಳಗೆ, ಸೊಂಟದ ಆಳದ ಒಂದೊಂದು ತಗ್ಗು ಇತ್ತು. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಾನೆ. ರಬಕವಿಯಲ್ಲಿ ಬಾಡಿಗೆ ಮನೆ ಹುಡುಕುವವರಲ್ಲಿ ಹತ್ತಕ್ಕೆ ಒಂಬತ್ತು ಜನ ನೇಕಾರರು. ತಗ್ಗಿಲ್ಲದ ಮನೆ ಅವರಿಗೆ ಒಲೆಯಿಲ್ಲದ ಅಡುಗೆ ಮನೆ ಇದ್ದಂತೆ.

"ಮನ್ಯಾಗ ತಗ್ಗು ಇರಬಾರದು," ಎಂದ ಅಣ್ಣ, ಬುಟ್ಟಿ ಮಣ್ಣು ಸುರಿಯುತ್ತ. "ಮಂದಿ ಮಕ್ಕಳು ಬಂದು ಇರೂ ಮನಿ."

ಅಣ್ಣನಿಗೆ ಮಗ್ಗ ಗೊತ್ತಿಲ್ಲವೆಂದಲ್ಲ. ನಮ್ಮವರೂ ಕಂಬಳಿ ನೇಯುವವರೇ. ಆದರೆ ಸಿದರಾಯ ಹೋದಂದಿನಿಂದ ಅವನು ನೆಲದಲ್ಲಿ ಬಾಯ್ತೆರೆದ ಏನನ್ನೂ ನೋಡಲಾರ. ಬಾವಿಯ ಹತ್ತಿರ ಕೂಡ ಪದ್ಮವ್ವನೇ ಹೋಗಬೇಕು. ನನಗೆ ಎಲ್ಲ ಅರ್ಥವಾಗಿತ್ತು. 'ಅಣ್ಣಾ, ಮುಚ್ಚಬ್ಯಾಡ, ಬಾಡಿಗಿ ಬರಂಗಿಲ್ಲ' ಎಂಬ ನಾಲ್ಕು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಗ್ಗಿನ ಬಗ್ಗೆ ಅವನ ಮುಂದೆ ಬಾಯಿ ಬಿಡಲು ನನಗೆ ಯಾವ ಮುಖವಿತ್ತು? ಬಾಯಿಗೆ ಬೀಗ ಹಾಕಿಕೊಂಡು ಕೊಡೆ ಬಿಚ್ಚಿ ಮನೆಗೆ ಹೋದೆ. ಅವನು ಎರಡನ್ನೂ ತುಂಬಿ, ಕುಟ್ಟಿ, ಸಾರಿಸಿ, ನೆಲವನ್ನು ಅಂಗೈಯಂತೆ ಮಾಡಿದ.

ಬಾಡಿಗೆಯವರು ಬಂದರು. ಬಾಗಿಲು ಹೊಗಳಿದರು, ತೊಲೆ ಹೊಗಳಿದರು, ಒಳಗೆ ಹೋಗಿ ಕಿಟಕಿಯ ಕೆಳಗೆ ನೋಡಿದರು. "ಮನ್ಯಾಗ ಕೇಳಿ ಹೇಳ್ತೀವ್ರಿ," ಎಂದು ಹೋದರು. ಹೋದವರು ತಿರುಗಿ ಬರಲಿಲ್ಲ. ಮೂರು ತಿಂಗಳು ಹೀಗೇ ಆಯಿತು. ಕುರಿಯ ದುಡ್ಡು ಕರಗಿತು. ಪದ್ಮವ್ವ ನೂಲು ಸುತ್ತುವ ಕೂಲಿಗೆ ಹೋಗತೊಡಗಿದಳು. ಅಣ್ಣ ಕಟ್ಟೆಯ ಮೇಲೆ ಕೂತು, "ಮನಿಗೆ ಏನರ ದೋಷ ಐತೇನೋ ತಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದ. "ಏನಿಲ್ಲಣ್ಣಾ," ಅನ್ನುತ್ತಿದ್ದೆ. ಇಂಥ ಹೇಡಿ ಬೇರೆಲ್ಲಾದರೂ ಇದ್ದಾನೆಯೇ!

ಕೊನೆಗೆ ಬಾಯಿಬಿಟ್ಟು ಹೇಳಿದವನು ಬನಹಟ್ಟಿಯ ವಿಠೋಬಾ ಎಂಬ ನೇಕಾರ. ಒಳಗೆ ನೋಡಿ ಹೊರಗೆ ಬಂದವನೇ, "ಮನಿ ಛಲೋ ಐತ್ರಿ ಕಾಕಾ. ಆದ್ರ ನಾ ಕಾಲು ಎಲ್ಲಿ ಇಡ್ಲಿ? ಮಗ್ಗದ ತಗ್ಗು ಯಾರು ಮುಚ್ಚಿದ್ರು?" ಎಂದ.

ಅಣ್ಣ ನನ್ನತ್ತ ತಿರುಗಿ, "ನಿನಗ ಗೊತ್ತಿತ್ತಲ್ಲ?" ಎಂದ.

"ಆಳು ಹಚ್ಚತೀನಿ," ಎಂದೆ. ಬೇಡ ಎಂದಳು ಪದ್ಮವ್ವ. ಸೆರಗು ಸಿಕ್ಕಿಸಿ, ಸಲಿಕೆ ಹಿಡಿದು, ಅಪ್ಪ ಕುಟ್ಟಿ ಗಟ್ಟಿ ಮಾಡಿದ ನೆಲವನ್ನು ತಾನೇ ಅಗೆದಳು. ಅವಳು ಮೊಣಕಾಲವರೆಗೆ ಇಳಿದಾಗಿನಿಂದ ಅಣ್ಣ ಬುಟ್ಟಿ ಮೇಲೆತ್ತಿಕೊಳ್ಳುತ್ತ ಒಂದೇ ಸಮನೆ, "ಮಾತಾಡ್ಕೋಂತ ಇರು ಪದ್ಮಾ, ಮಾತಾಡ್ಕೋಂತ ಇರು," ಅನ್ನುತ್ತಿದ್ದ.

"ಅದೀನಪಾ. ಇಲ್ಲೇ ಅದೀನಿ," ಅನ್ನುತ್ತ ಅವಳು ಎರಡೂ ತಗ್ಗು ತೋಡಿ ಮುಗಿಸಿದಳು. ತೆರೆದ ಬಾಗಿಲು, ತೆರೆದ ಕಿಟಕಿ, ಸೊಂಟದ ಆಳ. ಅಲ್ಲಿ ಯಾವ ಕೆಟ್ಟ ಗಾಳಿಯೂ ಇರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ವಿಠೋಬಾ ಮಗ್ಗ ಹೂಡಿದ. ತಿಂಗಳೊಳಗೆ ಆ ಕಡೆಯ ಮನೆಗೆ ಅವನ ಷಡ್ಡಕನೂ ಬಂದ. ಪದ್ಮವ್ವನ ಕೈಗೆ ಮೊದಲ ಬಾಡಿಗೆ ಬಂದಾಗ ಅಣ್ಣ ಅದನ್ನು ಮುಟ್ಟಲೂ ಇಲ್ಲ. "ಅದು ನಿಂದು," ಎಂದ.

ಅವನು ಮಾತ್ರ ಮತ್ತೆ ಆ ಮನೆಯೊಳಗೆ ಕಾಲಿಡಲಿಲ್ಲ. ಹಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮಗ್ಗದ ಸದ್ದು ಕೇಳುತ್ತಿರುವವರೆಗೂ ಆರಾಮ. ಎಳೆ ಹರಿದೋ, ನೀರು ಕುಡಿಯಲೆಂದೋ ವಿಠೋಬಾ ನಿಲ್ಲಿಸಿದರೆ ಅಣ್ಣ ಕುತ್ತಿಗೆ ಎತ್ತಿ, "ವಿಠೋಬಾ, ಅದೀಯೇನಪಾ?" ಎಂದು ಕೂಗುತ್ತಿದ್ದ.

"ಅದೀನ್ರಿ ಕಾಕಾ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ದಿನಕ್ಕೆ ಎಷ್ಟು ಸಲವೋ! ವಿಠೋಬಾ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಯಾಕೆಂದು ಪದ್ಮವ್ವ ಅವನಿಗೆ ಹೇಳಿದ್ದಳು.

ದೀಪಾವಳಿಯ ಮುಂದೆ ಅಣ್ಣ ತೀರಿಕೊಂಡ. ತುಬಚಿಗೆ ಒಯ್ದು ಸಿದರಾಯನ ಮಗ್ಗುಲಲ್ಲೇ ಮಣ್ಣು ಮಾಡಿದೆವು.

ಎಂಟು ದಿನದ ಮೇಲೆ ನಾನು ರಬಕವಿಯ ಆ ಕಟ್ಟೆಯ ಮೇಲೆ, ಅಣ್ಣ ಕೂಡುತ್ತಿದ್ದ ಜಾಗದಲ್ಲೇ ಕೂತಿದ್ದೆ. ಇನ್ನು ಮುಂದೆ ಪದ್ಮವ್ವನಿಗೆ ನಾನೇ ದಿಕ್ಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದೆ. ಸಾಲೆಯ ಹೆಡ್ ಮಾಸ್ತರರು ಮಾತಾಡಿಸಲು ಬಂದರು. ಒಂದೆರಡು ಸಮಾಧಾನದ ಮಾತಾದ ಮೇಲೆ ನನ್ನ ಬಡ್ತಿಯ ಸುದ್ದಿ ಬಂತು. ಬೀಳಗಿಯಲ್ಲಿ ಜಾಗ ಖಾಲಿಯಿದೆಯಂತೆ. ಯಾವಾಗ, ಎಷ್ಟು ಪಗಾರ, ಯಾರಿಗೆ ಬರೆಯಬೇಕು ಎಂದು ನಾನು ಕೇಳುತ್ತ ಹೋದೆ.

"ಅದೀನ್ರಿ ಕಾಕಾ!"

ಒಳಗಿನಿಂದ ವಿಠೋಬಾನ ದನಿ. ಯಾರೂ ಕೂಗಿರಲಿಲ್ಲ, ರೂಢಿಯ ಮೇಲೆ ಅವನೇ ಅಂದುಬಿಟ್ಟಿದ್ದ. ಆಗಲೇ ನನಗೆ ತಿಳಿದದ್ದು: ಮಗ್ಗ ನಿಂತು ಬಹಳ ಹೊತ್ತಾಗಿತ್ತು. ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಪದ್ಮವ್ವ ಹಿತ್ತಲಿನಿಂದ ಓಡಿ ಬಂದಿದ್ದಳು. ಮಗ್ಗ ನಿಂತದ್ದು ಅವಳಿಗೆ ಕೇಳಿಸಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ಜಮಖಂಡಿಯ ಕಚೇರಿಯ ಮೆಟ್ಟಿಲ ಮೇಲೆ ಅವಳ ಅಪ್ಪ ನೋಡಿದಂತೆಯೇ.

"ಅತ್ತಾಗ ಸರೀರಿ ಕಾಕಾ, ಅಪ್ಪ ಕೂಡೂ ಜಾಗಾ ಅದು," ಎಂದಳು.

ನಾನು ಎದ್ದು ಜಾಗ ಬಿಟ್ಟುಕೊಟ್ಟೆ. ಅವಳು ಕೂತಳು.