ಭಾವನ ಹೆಸರಿನ ಟ್ಯೂಬು

ಒಂದು ನಿಮಿಷ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿಬಿಡಿ. ನಡುವೆ ಬಾಯಿ ಹಾಕಿ "ಅಯ್ಯೋ, ಇದರಲ್ಲಿ ಯೋಚಿಸೋದೇನಿದೆ" ಎಂದು ಮಾತ್ರ ಹೇಳಬೇಡಿ. ಹಾಗೆಂದ ಇಬ್ಬರು ಕೊನೆಗೆ ತಲೆ ಕೆರೆದುಕೊಂಡೇ ಎದ್ದುಹೋದರು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಹುಚ್ಚು ಮಾತ್ರ ಹತ್ತು ವರ್ಷದ್ದಿದೆ. ಊಟಕ್ಕೆ ಕೂತರೂ ಪ್ಲೇಟ್‌ಲೆಟ್ಟು, ಕಿಣ್ವ ಎಂದು ಶುರುಮಾಡುತ್ತೇನೆಂದು ಅಕ್ಕ ಬೈಯುತ್ತಾಳೆ. ಭಾವನಂತೂ ನನ್ನನ್ನು ಕರೆಯುವುದೇ 'ರಕ್ತಪಿಶಾಚಿ' ಎಂದು. ಅಕ್ಕ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಭಾವ ಬಡಗಿ.

ಕುಡಿದು ಕುಡಿದು ಭಾವನ ಲಿವರಿಗೆ ಗಾಯವಾಗಿ, ಆ ಗಾಯಗಳೆಲ್ಲ ಕಲೆಗಟ್ಟುತ್ತಿದ್ದವು. ಎಷ್ಟು ಕಲೆಗಟ್ಟಿದೆ ಎಂದು ಅಂದಾಜು ಮಾಡುವುದಕ್ಕೆ ಹೊಟ್ಟೆ ಕೊಯ್ದೇ ನೋಡಬೇಕೆಂದಿಲ್ಲ. ವಯಸ್ಸು, ಲಿವರಿನಿಂದ ರಕ್ತಕ್ಕೆ ಸೋರುವ ಎರಡು ಕಿಣ್ವ, ಪ್ಲೇಟ್‌ಲೆಟ್ಟುಗಳ ಸಂಖ್ಯೆ, ಇಷ್ಟನ್ನು ಒಂದು ಲೆಕ್ಕಕ್ಕೆ ಹಾಕಿದರೆ ಒಂದು ಅಂಕ ಬರುತ್ತದೆ. ಅಂಕ ದೊಡ್ಡದಾದಷ್ಟೂ ಅನುಮಾನ ದೊಡ್ಡದು. ಭಾವನದು ಮೂರೂವರೆ ದಾಟಿತ್ತು, ಅಂದರೆ ಕೆಟ್ಟದ್ದು. "ಕುಡಿತ ನಿಲ್ಲಿಸಿ, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಹೀಗೇ ಇದ್ದರೆ ಲಿವರ್ ತಜ್ಞರ ಹತ್ತಿರ ಕಳಿಸ್ತೀನಿ" ಎಂದಿದ್ದರು ಡಾಕ್ಟರು.

ಭಾವ ನಿಲ್ಲಿಸಿದರು. ಹಾಗಂತ ಅವರೂ ಹೇಳಿದರು, ಅಕ್ಕನೂ ಹೇಳಿದಳು. ತಿಂಗಳು ಕಳೆದ ಮೇಲೆ ಅಕ್ಕ ಮನೆಯಲ್ಲೇ ರಕ್ತ ತೆಗೆದು, ಟ್ಯೂಬಿನ ಮೇಲೆ ಭಾವನ ಹೆಸರು ಬರೆದು ನನ್ನ ಕೈಗೆ ಕೊಟ್ಟು ಹೋದಳು.

ಅಂಕ ಒಂದಕ್ಕಿಂತ ಕೆಳಗೆ ಬಂತು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ನೋಡಿದರೆ ಪರದೆಯ ಮೇಲೆ ಹಳದಿ ಗುರುತು. ನಮ್ಮ ಯಂತ್ರ ಪ್ರತಿಯೊಬ್ಬರ ಫಲಿತಾಂಶವನ್ನೂ ಅವರದೇ ಹಳೆಯ ಫಲಿತಾಂಶದ ಪಕ್ಕ ಇಟ್ಟು ನೋಡುತ್ತದೆ. ಹೊಂದದಿದ್ದರೆ ಹಳದಿ. ಇಲ್ಲಿ ಹೊಂದದೆ ಇದ್ದದ್ದು ಕೆಂಪು ಕಣಗಳ ಗಾತ್ರ. ಹೋದ ಸಲ ಕುಡಿತದಿಂದ ಊದಿದ ದೊಡ್ಡ ದೊಡ್ಡ ಕಣಗಳಿದ್ದ ರಕ್ತದಲ್ಲಿ ಈ ಸಲ ಎಲ್ಲವೂ ಪುಟಾಣಿ.

ನಮ್ಮ ಹೆಡ್ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಗ್ಗಿದರು. "ಏನೇ ಇದು, ನಿಮ್ಮ ಭಾವ ರಕ್ತಾನೇ ಬದಲಾಯಿಸ್ಕೊಂಡು ಬಂದ್ರಾ?"

"ಕುಡಿಯೋದು ಬಿಟ್ಟಿದ್ದಾರಲ್ಲ ಮೇಡಂ, ಕಣ ಚಿಕ್ಕದಾಗುತ್ತೆ ಅಲ್ವಾ?"

"ಆಗುತ್ತೆ, ನಿಧಾನಕ್ಕೆ. ಹಳೇ ಕಣ ಸತ್ತು ಹೊಸದು ಬರೋಕೇ ಮೂರು ನಾಲ್ಕು ತಿಂಗಳು ಬೇಕು. ತಿಂಗಳಲ್ಲಿ ಇಷ್ಟು ಕುಗ್ಗೋಕೆ ಅದೇನು ಒಗೆದ ಸ್ವೆಟರಾ? ಇದು ಬೇರೆ ಯಾರದೋ ರಕ್ತ. ಯಾರದ್ದು ಅಂತ ಹುಡುಕು. ಅಲ್ಲೀವರೆಗೂ ರಿಪೋರ್ಟ್ ಇಲ್ಲಿಂದ ಅಲ್ಲಾಡಲ್ಲ."

ಉಳಿದಿದ್ದ ರಕ್ತದ ಗುಂಪು ನೋಡಿದೆ. ಭಾವನದು ಓ ಗುಂಪು. ಇದು ಬಿ. ಸರಿ ಹೋಯಿತು! ಭಾವ ಟ್ಯೂಬಿಗೆ ಬೇರೆಯವರ ರಕ್ತ ತುಂಬಿಸಿದ್ದಾರೆ, ಕುಡಿತ ಬಿಟ್ಟೇ ಇಲ್ಲ, ಪಾಪ ಅಕ್ಕನ ಕಣ್ಣಿಗೂ ಮಣ್ಣೆರಚಿದ್ದಾರೆ ಎಂದು ನನ್ನ ತಲೆ ಓಡಿತು. ಚೀಲಕ್ಕೆ ಸೂಜಿ, ಹೊಸ ಟ್ಯೂಬು ಹಾಕಿಕೊಂಡು ನೇರವಾಗಿ ಅವರ ಮರಗೆಲಸದ ಶೆಡ್ಡಿಗೆ ಹೋದೆ.

ಬಾಗಿಲಲ್ಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಪಾಲಿಶ್ ಹಚ್ಚುವ ಜಾಗದಲ್ಲಿ ಸ್ಪಿರಿಟ್ ನಾರದೆ ಮಲ್ಲಿಗೆ ನಾರುತ್ತದೆಯೇ? ಆದರೆ ಅನುಮಾನದ ಮೂಗಿಗೆ ಎಲ್ಲವೂ ಬಾಟಲಿಯೇ. ಪಾಲಿಶಿನ ಹುಡುಗನನ್ನೂ ಮೇಲಿಂದ ಕೆಳಗೆ ನೋಡಿದೆ. ಗಟ್ಟಿಮುಟ್ಟಾಗಿದ್ದ. ಇವನದೇ ರಕ್ತವಿರಬಹುದು.

"ಬಂತು ನೋಡು ರಕ್ತಪಿಶಾಚಿ!" ಭಾವ ಉಜ್ಜುಗೊರಡು ಕೆಳಗಿಟ್ಟರು. "ನಂದೇನಾಯ್ತಮ್ಮ? ಪಾಸಾ, ಫೇಲಾ?"

"ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟಿತ್ತು ಭಾವ, ಇನ್ನೊಂದ್ಸಲ ಕೊಡ್ಬೇಕು."

ಅವರ ಮುಖ ಬಿಳಿಚಿಕೊಂಡಿತು. ಆಹಾ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎಂದುಕೊಂಡೆ. ಎಲ್ಲಿ! ನಾನಿನ್ನೂ ತೋಳಿಗೆ ಪಟ್ಟಿ ಕಟ್ಟುವಷ್ಟರಲ್ಲೇ ಕಣ್ಣು ಬಿಗಿಯಾಗಿ ಮುಚ್ಚಿ, "ಮುಗೀತಾ? ಮುಗೀತಾ?" ಎಂದು ಶುರುಮಾಡಿದರು.

"ಇನ್ನೂ ಚುಚ್ಚೇ ಇಲ್ಲ ಭಾವ."

"ಮೊನ್ನೆ ನಿಮ್ಮಕ್ಕ ತೆಗೆದಾಗ್ಲೂ ಹಿಂಗೇ ಕಣಮ್ಮ, ಜೀವ ಹೋಗಿ ಬಂತು. ತೆಗೆದು ಮುಗಿಸಿ ಒಳಗೆ ಹೋದ್ಲು, ನಾನು ಮಾತ್ರ ಅರ್ಧ ಗಂಟೆ ಹಂಗೇ ಮಲಗಿದ್ದೆ."

ಟ್ಯೂಬು ತುಂಬಿಕೊಳ್ಳುತ್ತಲೇ ಲೆಕ್ಕ ಹಾಕಿದೆ. ಅಂದರೆ ಮೊನ್ನೆ ಭಾವ ರಕ್ತ ಕೊಟ್ಟಿದ್ದರು. ಕೊಟ್ಟ ರಕ್ತ ಲ್ಯಾಬಿಗೆ ಬಂದಿರಲಿಲ್ಲ. ನಡುವೆ ಇದ್ದವಳು ಒಬ್ಬಳೇ. ಅವಳದೂ ನನ್ನದೂ ಬಿ ಗುಂಪು, ಅಪ್ಪನಿಂದ ಬಂದದ್ದು. ಕಬ್ಬಿಣದಂಶ ಕಡಿಮೆಯೆಂದು ವರ್ಷದಿಂದ ಮಾತ್ರೆ ನುಂಗುತ್ತಿರುವವಳೂ ಅವಳೇ. ಅಂಥವರ ಕೆಂಪು ಕಣಗಳೇ ಪುಟಾಣಿ. ಇಷ್ಟು ಓದಿದವಳಿಗೆ ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ!

ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ಅಕ್ಕ ಸಿರಿಂಜುಗಳನ್ನು ಜೋಡಿಸುತ್ತಿದ್ದಳು. ಬಾಗಿಲು ಎಳೆದುಕೊಂಡೆ.

"ನಿನ್ನ ರಕ್ತ ಯಾಕಕ್ಕ ಕೊಟ್ಟೆ?"

ಅವಳು ತಿರುಗಲೂ ಇಲ್ಲ. "ಏನ್ ಹೇಳ್ತಿದ್ದೀಯಾ ನೀನು?"

"ಪ್ಲೇಟ್‌ಲೆಟ್ ಚೆನ್ನಾಗಿ ಬರುತ್ತೆ ಅಂತ ನೀನು ಲೆಕ್ಕ ಹಾಕ್ದೆ. ಕಣದ ಗಾತ್ರ ನೋಡ್ತಾರೆ ಅಂತ ಮರ್ತೆ. ಯಂತ್ರ ಹಿಡಿದುಬಿಡ್ತು."

ಸಿರಿಂಜಿನ ಡಬ್ಬಿ ಪಕ್ಕಕ್ಕಿಟ್ಟಳು. "ಹೋದ ತಿಂಗಳು ರಿಪೋರ್ಟ್ ನೋಡಿ ನಿನ್ನ ಭಾವ ಏನಂದ್ರು ಗೊತ್ತಾ? ಕುಡಿಯೋದು ಬಿಟ್ಟ ಮೇಲೂ ನಂಬರ್ ಇಳೀಲಿಲ್ಲ ಅಂದ್ರೆ ಬಿಡೋದ್ಯಾಕೆ, ಬಾಟ್ಲಿ ಹಿಡ್ಕೊಂಡೇ ಹೋಗ್ತೀನಿ ಅಂದ್ರು. ತಿಂಗಳಲ್ಲಿ ಎಲ್ಲಿ ಇಳಿಯುತ್ತೆ ಹೇಳು? ಆರು ತಿಂಗಳು ಸಿಕ್ಕಿದ್ರೆ ತಾನಾಗೇ ಇಳಿಯುತ್ತೆ. ಅಲ್ಲೀವರೆಗೂ ಅವರು ಧೈರ್ಯವಾಗಿರ್ಲಿ ಅಂತ ಮಾಡ್ದೆ."

"ಅಲ್ಲೀವರೆಗೂ ಡಾಕ್ಟರೂ ಧೈರ್ಯವಾಗೇ ಇರ್ತಾರಲ್ಲಕ್ಕ! ತಜ್ಞರ ಹತ್ತಿರ ಕಳಿಸೋದೇ ಇಲ್ಲ. ಒಳಗೆ ರಕ್ತನಾಳ ಏನಾದ್ರೂ ಒಡೆದು ರಕ್ತ ಕಾರಿಕೊಂಡ್ರೆ?"

ಅಕ್ಕ ಗೋಡೆಗೆ ಒರಗಿದಳು. ಗಂಡನ ವಿಷಯದಲ್ಲಿ ಅವಳೊಳಗಿನ ನರ್ಸು ರಜೆ ಹಾಕಿದ್ದಳು ಅಷ್ಟೇ. ಈಗ ವಾಪಸು ಬಂದಳು. "ಸರಿ. ನಿಜವಾದ ನಂಬರೇ ಕಳಿಸು. ನಿನ್ನ ಭಾವಂಗೂ ನೀನೇ ಹೇಳು, ನನ್ನ ಕೈಲಾಗಲ್ಲ. ಆದ್ರೆ ನಾನು ಹಿಂಗೆ ಮಾಡ್ದೆ ಅಂತ ಮಾತ್ರ ಅವರ ಮುಂದೆ ಬಾಯಿ ಬಿಡ್ಬೇಡ. ಪ್ರಪಂಚದಲ್ಲಿ ಅವರು ನಂಬಿರೋದು ನನ್ನೊಬ್ಬಳನ್ನೇ ಕಣೇ. ಅದೂ ಹೋದ್ರೆ ಸಾಯಂಕಾಲಕ್ಕೇ ಕುಡೀತಾರೆ. ಮಾತು ಕೊಡು."

ಕೊಟ್ಟೆ. ಆಗ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ.

ಹೊಸ ರಕ್ತದ ಅಂಕ ಮೂರರ ಮೇಲೇ ಬಂತು. ಆದರೂ ಹೋದ ಸಲಕ್ಕಿಂತ ತುಸು ಕಡಿಮೆ. ಕಿಣ್ವಗಳೆರಡೂ ಇಳಿದಿದ್ದವು. ಭಾವ ನಿಜಕ್ಕೂ ಕುಡಿದಿರಲಿಲ್ಲ, ನಾನೇ ಸುಮ್ಮನೆ ಅವರ ಶೆಡ್ಡಿನ ವಾಸನೆಗೆ ಹೆಸರಿಟ್ಟಿದ್ದೆ. ಯಾರ ರಕ್ತವೆಂದು ಮೇಡಂಗೊಬ್ಬರಿಗೆ ಹೇಳಿ, ಮೊದಲಿನ ಟ್ಯೂಬು ಭಾವನದಲ್ಲ ಎಂದು ಬರೆದು ಅದನ್ನು ರದ್ದು ಮಾಡಿಸಿ, ಈ ರಿಪೋರ್ಟನ್ನು ಡಾಕ್ಟರಿಗೆ ಕಳಿಸಿದೆ. ಆಮೇಲೆ ಭಾವನಿಗೆ ಫೋನು ಮಾಡಿದೆ.

"ತಜ್ಞರ ಹತ್ತಿರ ಹೋಗ್ಬೇಕು ಭಾವ. ಆದ್ರೆ ಇಳಿಯೋಕೆ ಶುರುವಾಗಿದೆ. ಅದು ನೀವು ಬಿಟ್ಟಿದ್ದಕ್ಕೇ."

ಅವರು ಸಿಟ್ಟಾಗಲಿಲ್ಲ. "ಹೋಗೋಣ ಬಿಡು" ಎಂದರು. ನನಗೆ ಉಸಿರು ಬಂತು. ಅಷ್ಟರಲ್ಲಿ ಅವರ ದನಿ ತಗ್ಗಿತು.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಮೊನ್ನೆ ನನ್ನ ರಕ್ತ ತೆಗೆದಾದ ಮೇಲೆ ನಿಮ್ಮಕ್ಕ ಒಳಗಿಂದ ಬಂದ್ಲಲ್ಲ, ಅವಳ ತೋಳಲ್ಲೂ ಹತ್ತಿ ಅಂಟಿಸ್ಕೊಂಡಿದ್ಲು. ಕೇಳಿದ್ರೆ ಸೊಳ್ಳೆ ಅಂದ್ಲು. ಇವತ್ತು ಮನೆಗೆ ಬಂದಾಗಿನಿಂದ ಮುಖ ಕೊಟ್ಟು ಮಾತಾಡ್ತಿಲ್ಲ. ನೀನು ನೋಡಿದ್ರೆ ಹೆಪ್ಪುಗಟ್ತು ಅಂತ ಓಡಿ ಬಂದೆ. ಅವಳಿಗೇನೋ ದೊಡ್ಡ ಕಾಯಿಲೆ ಅಲ್ವಾ? ಅಕ್ಕ ತಂಗಿ ಸೇರ್ಕೊಂಡು ನನ್ನಿಂದ ಮುಚ್ಚಿಡ್ತಿದ್ದೀರ."

"ಅಯ್ಯೋ, ಅಕ್ಕಂಗೆ ಏನೂ ಇಲ್ಲ ಭಾವ!"

"ಏನೂ ಇಲ್ಲದೆ ಯಾರಾದ್ರೂ ಕದ್ದು ರಕ್ತ ತೆಗ್ಸಿಕೊಳ್ತಾರಾ? ನೋಡಮ್ಮ, ನಾನು ಬಾಟ್ಲಿ ಬಿಟ್ಟಿದ್ದೇ ಅವಳಿಗೋಸ್ಕರ. ಅವಳೇ ಇಲ್ಲ ಅಂದ್ರೆ ನನಗ್ಯಾವ ಲಿವರು, ಯಾವ ತಜ್ಞರು? ಬೇಗ ಹೇಳು, ಅವಳ ರಕ್ತ ಯಾಕೆ ತೆಗೆದ್ರಿ?"

ಹೇಳಿದರೆ ಅಕ್ಕನ ಮೇಲಿನ ನಂಬಿಕೆ ಹೋಗುತ್ತದೆ, ಹೇಳದಿದ್ದರೆ ಅಕ್ಕನೇ ಹೋಗುತ್ತಾಳೆಂದು ಆ ಮನುಷ್ಯ ಕೊರಗುತ್ತಾರೆ. ಎರಡೂ ದಾರಿಯ ಕೊನೆಗೆ ಬಾಟಲಿ ನಿಂತಿದೆ. ಫೋನಿನಾಚೆ ಭಾವ ಕಾಯುತ್ತಿದ್ದರು. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?