ಬಿಚ್ಚದೇ ಉಳಿದ ಮಣ್ಣು

ಪ್ರಯೋಗಾಲಯದ ಬಾಗಿಲನ್ನು ತಮ್ಮ ತಟ್ಟಲಿಲ್ಲ. ನೇರವಾಗಿ ಒಳಗೆ ಬಂದವನೇ, ಅಕ್ಕನ ಮೇಜಿನ ಮೇಲೆ, ಗಾಜಿನ ತಟ್ಟೆಗಳ ಪಕ್ಕದಲ್ಲಿ, ಬೇರುಸಮೇತ ಕಿತ್ತು ತಂದಿದ್ದ ಮೆಕ್ಕೆಜೋಳದ ಗಿಡವನ್ನು ಧೊಪ್ಪನೆ ಹಾಕಿದ. ಮಣ್ಣು ಮೇಜಿನ ತುಂಬಾ ಚೆಲ್ಲಿತು.

"ನೋಡು," ಎಂದ.

ಎದೆಮಟ್ಟಕ್ಕೆ ಬರಬೇಕಾಗಿದ್ದ ಗಿಡ ಮೊಣಕಾಲು ದಾಟಿರಲಿಲ್ಲ. ಎಲೆಗಳ ಉದ್ದಕ್ಕೂ ಬಿಳಿಚಿದ ಪಟ್ಟೆಗಳು.

"ಪ್ರತಿ ವರ್ಷ ಮಣ್ಣು ತಂದು ಕೊಟ್ಟಿದೀನಿ. ಪ್ರತಿ ವರ್ಷ ನಿಮ್ಮ ಆಫೀಸಿನವರು ಒಂದೇ ಮಾತು ಬರೆದು ಕಳಿಸಿದಾರೆ. ರಂಜಕ ಕಡಿಮೆ, ಇನ್ನೂ ಹಾಕಿ. ಹಾಕಿದೆ. ಆರು ವರ್ಷ ಹಾಕಿದೆ. ಇನ್ನೇನು ಹಾಕ್ಲಿ ಹೇಳು, ನನ್ನ ತಲೆನಾ?"

"ಕೂತ್ಕೊ."

"ಕೂರೋಕೆ ಬಂದಿಲ್ಲ."

ಅಕ್ಕ ಬೇರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಅವಳ ಕೆಲಸವೇ ಅದು. ಹದಿನಾಲ್ಕು ವರ್ಷಗಳಿಂದ ಆ ಕಟ್ಟಡದ ಸೂಕ್ಷ್ಮಜೀವಿ ವಿಭಾಗದಲ್ಲಿ ಒಬ್ಬಳೇ ಕೂತು ಬೇರು, ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ನೋಡುತ್ತ ಬಂದಿದ್ದಳು. ರೈತರ ಮಣ್ಣು ಪರೀಕ್ಷಿಸಿ ವರದಿ ಕೊಡುವ ಕೆಲಸ ಪಕ್ಕದ ಹಾಲ್‌ನವರದು. ನಡುವೆ ಒಂದೇ ಗೋಡೆ.

ಎಳೆ ಬೇರುಗಳನ್ನು ಕತ್ತರಿಸಿ, ಕ್ಷಾರದಲ್ಲಿ ಕುದಿಸಿ, ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಗಿಡಕ್ಕೆ ನೆರವಾಗುವ ಶಿಲೀಂಧ್ರ ಇದ್ದಿದ್ದರೆ ಬೇರಿನೊಳಗೆ ಕೂದಲಿಗಿಂತ ಸಣ್ಣ ನೀಲಿ ಎಳೆಗಳು ಕಾಣಬೇಕಿತ್ತು. ಹತ್ತು ತುಂಡು ನೋಡಿದಳು, ಇಪ್ಪತ್ತು ನೋಡಿದಳು. ಒಂದು ಎಳೆಯೂ ಇಲ್ಲ.

"ನಿನ್ನ ಹೊಲದಲ್ಲಿ ರಂಜಕ ಕಡಿಮೆ ಇಲ್ಲ ಕಣೋ," ಎಂದಳು ನಿಧಾನವಾಗಿ. "ವಿಪರೀತ ಜಾಸ್ತಿ ಇರೋ ಹಾಗಿದೆ."

"ಅದು ಹೇಗೆ ಗೊತ್ತು ನಿಂಗೆ?"

"ಮಣ್ಣಲ್ಲಿ ರಂಜಕ ಕಡಿಮೆ ಇದ್ರೆ ಬೇರು ಶಿಲೀಂಧ್ರವನ್ನ ಹತ್ರ ಕರೆಯುತ್ತೆ. ಸಕ್ಕರೆ ಕೊಟ್ಟು ಸಾಕುತ್ತೆ. ಅದು ದೂರದಿಂದ ರಂಜಕ ಹೊತ್ತು ತರುತ್ತೆ, ಜೊತೆಗೆ ಜಿಂಕೂ ತರುತ್ತೆ. ಬ್ಯಾಕ್ಟೀರಿಯಾ ಹುಳಿ ಬಿಟ್ಟು, ಮಣ್ಣಿಗೆ ಅಂಟಿಕೊಂಡಿರೋ ರಂಜಕವನ್ನ ಬಿಡಿಸುತ್ತೆ, ತಾನೂ ತಿನ್ನುತ್ತೆ, ಸತ್ತಾಗ ಗಿಡಕ್ಕೆ ಬಿಟ್ಟು ಹೋಗುತ್ತೆ. ರಂಜಕ ಬಾಗಿಲಿಗೇ ಮೂಟೆಗಟ್ಟಲೆ ಬಂದು ಬಿದ್ರೆ ಗಿಡ ಶಿಲೀಂಧ್ರವನ್ನ ಯಾಕೆ ಸಾಕುತ್ತೆ? ಬಿಟ್ಟುಬಿಡುತ್ತೆ. ಆಮೇಲೆ ಜಿಂಕ್ ತರೋರಿಲ್ಲ. ಈ ಬಿಳಿ ಪಟ್ಟೆ ಅದೇ."

ಅವನು ಜೇಬಿನಿಂದ ಆರು ವರದಿಗಳನ್ನು ತೆಗೆದು ಹರಡಿದ. ಅವಳು ಅವನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಆರರಲ್ಲೂ ರಂಜಕದ ಅಂಕಿ ಒಂದೇ. ದಶಮಾಂಶದ ಆಚೆಯ ಎರಡು ಅಂಕಿಗಳೂ ಒಂದೇ.

ಅವಳು ಎದ್ದು ಪಕ್ಕದ ಹಾಲಿಗೆ ನಡೆದಳು. ತಮ್ಮನೂ ಹಿಂದೆಯೇ ಬಂದ. ರಂಜಕ ಪರೀಕ್ಷೆಗೆಂದು ದ್ರಾವಣದ ಬಣ್ಣ ಅಳೆಯುವ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯ ಮೇಲೆ ಬೆರಳಿನಿಂದ ಬರೆಯಬಹುದಾದಷ್ಟು ಧೂಳು. ದಿನಾ ಟೀಗೆ ಹೋಗುವಾಗ ಅವಳು ಆ ಹೊದಿಕೆಯನ್ನು ನೋಡಿದ್ದಳು. ಬೆಳಿಗ್ಗೆಯೇ ಕೆಲಸ ಮುಗಿಸುತ್ತಾರೆ ಅಂದುಕೊಂಡಿದ್ದಳು. ಅಥವಾ ಏನೂ ಅಂದುಕೊಂಡಿರಲಿಲ್ಲ.

"ಉಗ್ರಾಣದ ಬೀಗದ ಕೈ ಕೊಡಿ," ಎಂದು ಅಲ್ಲಿ ಕೂತಿದ್ದ ಗುಮಾಸ್ತನನ್ನು ಕೇಳಿದಳು.

"ಮೇಡಂ, ಸಾಹೇಬರನ್ನ ಒಂದು ಮಾತು..."

"ಕೊಡಿ ಅಂದೆ."

ಉಗ್ರಾಣದಲ್ಲಿ ನೆಲದಿಂದ ಸೂರಿನವರೆಗೆ ಮಣ್ಣಿನ ಚೀಲಗಳು. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಚೀಟಿಗಳಲ್ಲಿ ರೈತರ ಊರು, ಸರ್ವೆ ನಂಬರು, ಫೋನ್ ನಂಬರು. ಮೂಲೆಯಿಂದ ತಮ್ಮ ಒಂದನ್ನು ಎಳೆದ. ನೀಲಿ ಹೂವಿನ ಹಳೆಯ ದಿಂಬಿನ ಚೀಲ. ಅದನ್ನು ಹೊಲಿದವಳು ಅವರ ಅಮ್ಮ.

"ಒಣಗಿಸಿ, ಕಲ್ಲು ಆರಿಸಿ, ಜರಡಿ ಹಿಡಿದು ತಂದಿದ್ದೆ," ಎಂದ. "ಬಿಚ್ಚೇ ಇಲ್ಲ." ಧ್ವನಿ ಏರಲಿಲ್ಲ. ಅವಳ ಕಡೆಗೆ ತಿರುಗಿ ಕೇಳಿದ: "ನೀನು ಪಕ್ಕದ ರೂಮಲ್ಲೇ ಇದ್ದೆ, ಅಲ್ವಾ?"

ಅವನು ಚೀಲವನ್ನು ಅವಳ ಕೈಗೆ ತುರುಕಿ ಹೊರಟುಹೋದ.

ಅಂದು ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಕೈಗೆ ಸಿಕ್ಕ ಮೂವತ್ತು ಚೀಲಗಳನ್ನು ಬಿಚ್ಚಿ, ತನ್ನ ವಿಭಾಗದಲ್ಲಿದ್ದ ಔಷಧಿಗಳಿಂದಲೇ ಪರೀಕ್ಷೆ ಮಾಡಿದಳು. ರಂಜಕ ಹೆಚ್ಚಿದ್ದಷ್ಟೂ ದ್ರಾವಣದ ನೀಲಿ ಗಾಢವಾಗುತ್ತದೆ. ಯಂತ್ರವಿಲ್ಲದಿದ್ದರೂ ಕಣ್ಣಿಗೆ ಅಂದಾಜು ಸಿಗುತ್ತದೆ. ತಮ್ಮನ ಮಣ್ಣಿನ ನಳಿಕೆ ಇಂಕಿನಂತೆ ಕಪ್ಪಾಯಿತು. ಮೂವತ್ತರಲ್ಲಿ ಇಪ್ಪತ್ತೆರಡು ಅದರ ಒಡಹುಟ್ಟಿದವೇ. ನಿಜವಾಗಿ ರಂಜಕ ಬೇಕಿದ್ದ ಹೊಲಗಳು ನಾಲ್ಕು.

ನಳಿಕೆಗಳ ಸ್ಟ್ಯಾಂಡನ್ನು ಹಾಗೇ ಎತ್ತಿಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಯಂತ್ರ ಕೆಟ್ಟು ವರ್ಷಗಳಾಯ್ತು ಮೇಡಂ. ರಿಪೇರಿಗೆ ಬರೆದಿದೀವಿ. ಅಲ್ಲೀವರೆಗೂ ರೈತರನ್ನ ಬರಿಗೈಲಿ ಕಳಿಸೋಕಾಗುತ್ತಾ?"

"ಸುಳ್ಳು ಕೊಟ್ಟು ಕಳಿಸೋಕಾಗುತ್ತಾ ಸರ್?"

"ಸುಳ್ಳಲ್ಲ, ಸರಾಸರಿ. ಸ್ವಲ್ಪ ಜಾಸ್ತಿ ಗೊಬ್ಬರ ಬಿದ್ರೆ ಮಣ್ಣೇನು ಸಾಯೋದಿಲ್ಲ."

"ಸತ್ತಿರೋದನ್ನ ನೋಡಿ ಬಂದಿದೀನಿ ನಾನು. ಬನ್ನಿ, ತೋರಿಸ್ತೀನಿ. ಮಳೆ ಬಂದ್ರೆ ಆ ಮಣ್ಣು ರಂಜಕ ಕಟ್ಟಿಕೊಂಡೇ ಕೆರೆಗೆ ಹೋಗುತ್ತೆ. ಅಲ್ಲಿ ಪಾಚಿ ಬೆಳೆಯುತ್ತೆ. ಇಲ್ಲಿ ಹೊಲದ ಬೇರು ಬೋಳಾಗುತ್ತೆ. ನೀವು ಸರಾಸರಿ ಅಂತೀರಿ."

"ನಿಮ್ಮ ತಮ್ಮಂದು ಅಂತ ಇಷ್ಟು ಸಿಟ್ಟು."

"ಹೌದು," ಎಂದಳು. "ಕೇಡು ನಮ್ಮ ಮನೆಗೇ ಬಂದ ಮೇಲೆ ಕಣ್ಣು ಬಿಟ್ಟೆ. ಆ ನಾಚಿಕೆಗೇ ಇಷ್ಟು ಸಿಟ್ಟು."

ಮರುದಿನ ಬೆಳಿಗ್ಗೆ ಉಗ್ರಾಣದ ಮುಂದೆ ಕುರ್ಚಿ ಹಾಕಿಕೊಂಡು, ಚೀಟಿಗಳಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. "ನಿಮ್ಮ ಮಣ್ಣನ್ನ ಯಾರೂ ಪರೀಕ್ಷೆ ಮಾಡಿಲ್ಲ. ವರದಿ ನಂಬಬೇಡಿ. ಬಂದು ನಿಮ್ಮ ಕಣ್ಣಾರೆ ನೋಡಿ." ಕೆಲವರು ರಾಂಗ್ ನಂಬರ್ ಅಂದರು. ಒಬ್ಬಾಕೆ ಅವಳನ್ನೇ ಬೈದಳು, ಅವಳು ಬೈಸಿಕೊಂಡಳು. ಮೂರನೆಯ ದಿನ ವರಾಂಡ ತುಂಬ ಜನ. ಮುಖ್ಯಸ್ಥರು ಕೋಣೆಯ ಒಳಗಿನಿಂದ ಚಿಲಕ ಹಾಕಿಕೊಂಡರು. ಮುದುಕನೊಬ್ಬ ತನ್ನ ಚೀಲವನ್ನು ಅವರ ಬಾಗಿಲಿಗೇ ಸುರಿದು, ಕೈ ಕೊಡವಿಕೊಂಡು, "ಈಗಲಾದ್ರೂ ತುಳಿದು ನೋಡ್ಲಿ" ಎಂದು ಹೋದ.

ವಾರದೊಳಗೆ ಹೊಸ ಯಂತ್ರ ಬಂತು. ಅವಳಿಗೆ ಬೀಜದ ಗೋದಾಮಿಗೆ ವರ್ಗವಾಯಿತು. ವರ್ಗದ ಆದೇಶಕ್ಕೆ ಸಹಿ ಹಾಕಿದ ಮುಖ್ಯಸ್ಥರು ಮುಂದಿನ ವರ್ಷ ದೊಡ್ಡ ಕಚೇರಿಗೆ ಬಡ್ತಿ ಪಡೆದು ಹೋದರು. ಆ ಸುದ್ದಿ ಕೇಳಿದ ದಿನ ಅವಳು ಗೋದಾಮಿನ ತಗಡಿನ ಗೋಡೆಗೆ ಎಷ್ಟು ಜೋರಾಗಿ ಒದ್ದಳೆಂದರೆ, ಎರಡು ವಾರ ಕುಂಟಿದಳು.

ತಮ್ಮ ವರ್ಷವಿಡೀ ಮಾತು ಬಿಟ್ಟಿದ್ದ. ಆದರೆ ರಂಜಕದ ಗೊಬ್ಬರ ನಿಲ್ಲಿಸಿ, ಅವಳು ಹೇಳಿ ಕಳಿಸಿದಂತೆ ಜಿಂಕ್ ಹಾಕಿದ. ಬೆಳೆಗಳ ನಡುವೆ ಹೊಲವನ್ನು ಖಾಲಿ ಬಿಡದೆ ಅವರೆ, ಸೆಣಬು ಬಿತ್ತಿದ. ಮೂರನೆಯ ಹಂಗಾಮಿನಲ್ಲಿ ತಾನೇ ಫೋನ್ ಮಾಡಿದ: "ಬಂದು ನೋಡ್ತೀಯಾ?"

ಅವಳು ಹಳೆಯ ಸೂಕ್ಷ್ಮದರ್ಶಕವೊಂದನ್ನು ಎರವಲು ತಂದು, ಹೊಲದ ಬದಿಯ ಶೆಡ್ಡಿನಲ್ಲಿ ಇಟ್ಟಳು. ಬೇರಿನ ತುಂಡಿನಲ್ಲಿ ನೀಲಿ ಎಳೆಗಳು ಇದ್ದವು. ಹೆಚ್ಚಲ್ಲ, ಐದು ತುಂಡಿಗೆ ಒಂದರಲ್ಲಿ. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಇಷ್ಟೇನಾ?"

"ಸದ್ಯಕ್ಕೆ ಇಷ್ಟೇ. ನೀನು ಹಾಕಿರೋ ರಂಜಕ ಕರಗೋಕೆ ಇನ್ನೂ ಹತ್ತು ವರ್ಷ ಬೇಕಾಗಬಹುದು."

"ನಾನು ಹಾಕಿರೋದಲ್ಲ. ನೀವು ಹಾಕಿಸಿರೋದು."

"ಹೌದು, ನಾವು ಹಾಕಿಸಿರೋದು."

ಅವನು ತಲೆ ಎತ್ತದೆ ಕೇಳಿದ: "ಆ ಸಾಹೇಬನ ಮೇಲೆ ಸಿಟ್ಟು ಇಳೀತಾ?"

"ಇಲ್ಲ."

"ನನಗೂ ನಿನ್ನ ಮೇಲೆ ಇಳಿದಿಲ್ಲ," ಎಂದ ತಮ್ಮ. ಆಮೇಲೆ ಸನಿಕೆ ಎತ್ತಿಕೊಂಡ. "ಆ ಕಡೆ ಸಾಲಿಂದು ಇನ್ನೊಂದು ಅಗೆದು ತರ್ತೀನಿ. ಇರು, ಹೋಗಬೇಡ."