ಚಿತ್ತಯ್ಯನ ಹೆಸರಿನ ಮುಂದೆ

ಚಳ್ಳಕೆರೆಯ ಸೀರೆ ವ್ಯಾಪಾರಿ ಓಂಕಾರಮೂರ್ತಿಯ ಫೋನಿನಲ್ಲಿ ಅವನು ಸೇವ್ ಮಾಡದ ಹೆಸರುಗಳು ಹುಟ್ಟಿಕೊಳ್ಳತೊಡಗಿದ್ದವು. ಯಾರೋ ತಿಪ್ಪಮ್ಮತ್ತೆ, ಯಾರೋ ಮಗ್ಗದ ಓಬಳೇಶ. ಯಾವನೋ ತನ್ನ ಫೋನಿಗೆ ಕೈ ಹಾಕಿದ್ದಾನೆಂದು ಮನೆಮಂದಿಯನ್ನೆಲ್ಲ ಗದರಿದ.

ಮಗಳು ಶಿಲ್ಪಾ ಫೋನು ಇಸಿದುಕೊಂಡು ನೋಡಿದಳು. "ಅಪ್ಪಾಜಿ, ಮೊಳಕಾಲ್ಮೂರಿನ ಚಿತ್ತಯ್ಯಂಗೆ ಫೋನ್ ಕೊಡ್ಸಿದಾಗ ಯಾರ ಮೇಲ್ ಐಡಿ ಹಾಕಿದ್ರಿ?"

"ನಂದೇ. ಮಗ್ಗದೋನಿಗೆ ಎಲ್ಲೈತೆ ಮೇಲ್ ಐಡಿ?"

"ಅದಕ್ಕೇ ಎರಡೂ ಫೋನಿನ ಕಾಂಟ್ಯಾಕ್ಟ್ ಒಂದೇ ಆಗ್ಯಾವೆ. ಅಲ್ಲಿ ಹಾಕಿದ್ದು ಇಲ್ಲಿ ಬರ್ತೈತೆ. ತೆಗೀಲಾ?"

"ಬ್ಯಾಡ, ಇರ್ಲಿ ಬಿಡು."

ನೇಕಾರ ಯಾರ್ಯಾರ ಸಂಗಡ ಮಾತಾಡುತ್ತಾನೆಂದು ಕೂತಲ್ಲೇ ತಿಳಿಯುವುದಾದರೆ ಯಾರು ತಾನೇ ಬೇಡವೆಂದಾರು?

ಮರುವಾರ 'ರಾಯದುರ್ಗ ಸೀರೆ ಅಂಗಡಿ' ಎಂಬ ಹೆಸರು ಬಂತು. ಓಂಕಾರಮೂರ್ತಿ ಅಲ್ಲೇ ಲೆಕ್ಕ ಹಾಕಿದ. ತಾನು ಕೊಟ್ಟ ರೇಷ್ಮೆಯಲ್ಲೇ ನೇಯ್ದು ಗಡಿಯಾಚೆ ಮಾರುತ್ತಿದ್ದಾನೆ, ಇನ್ನೇನು. ಮೈಮರೆಯಬಾರದೆಂದು ಫೋನಿನಲ್ಲಿ ಚಿತ್ತಯ್ಯನ ಹೆಸರಿನ ಮುಂದೆ 'ಕಳ್ಳ' ಎಂದು ಸೇರಿಸಿಟ್ಟ.

ಆ ವಾರದ ಕೊನೆಗೆ ಚಿತ್ತಯ್ಯನೇ ಅಂಗಡಿಗೆ ಬಂದ. ಸೀರೆಗಳನ್ನು ಒಪ್ಪಿಸಿ, ಎಲೆ ಅಡಿಕೆ ಮುಂದಿಟ್ಟ.

"ರಾಯದುರ್ಗದ ಸೀರೆ ಅಂಗಡಿಯೋರ ಮನೆಗೆ ನಮ್ ಮಗಳು ಪುಷ್ಪನ್ನ ಕೊಡ್ತಾ ಇದೀವಿ ಸಾವ್ಕಾರ್ರೇ. ನೀವು ಬರ್ಬೇಕು."

ಓಂಕಾರಮೂರ್ತಿ ಚಾಚಿದ ಕೈ ಎಲೆಯ ಮೇಲೆಯೇ ನಿಂತಿತು. ಚಿತ್ತಯ್ಯ ಜೇಬಿನಿಂದ ಫೋನು ತೆಗೆದ.

"ಇದ್ರಾಗೆ ನನ್ ಹೆಸರಿನ ಮುಂದೆ ಏನೋ ಬರ್ದೈತಂತೆ. ನನಿಗೆ ಓದಾಕೆ ಬರಲ್ಲ. ಹೆಸರು ಹಾಕ್ಕೊಡೋ ಪುಷ್ಪನೇ ಓದಿದ್ಲು, ಏನಂತ ಹೇಳ್ಲಿಲ್ಲ. ನೀವಾದ್ರೂ ಓದಿ ಹೇಳ್ರಿ."